ಏರಿಯಮ್ಮ ಎಡಕ್ಕೆ ಕೊಟ್ಟಳು

ಈಗಲೂ ನನಗೊಂದು ಹ್ಯಾಬಿಟ್ ಉಳಿದುಬಿಟ್ಟಿದೆ. ದೇವರ ಪಟದಿಂದ ಹೂವು ಬಿದ್ದರೆ ಸಾಕು, ಕತ್ತು ತಾನಾಗಿ ಅತ್ತ ತಿರುಗುತ್ತದೆ. ಬಲಗಡೆಯಿಂದ ಬಿತ್ತೋ, ಎಡಗಡೆಯಿಂದಲೋ? ಫ್ಯಾನಿನ ಗಾಳಿಗೆ ಬಿದ್ದಿದ್ದರೂ ಅಷ್ಟೆ. ಮೊನ್ನೆ ಪೆನ್ಶನ್‌ಗೆಂದು ಬ್ಯಾಂಕಿನಲ್ಲಿ ನಿಂತಿದ್ದೆ. ಮ್ಯಾನೇಜರರ ತಲೆಯ ಮೇಲಿದ್ದ ಲಕ್ಷ್ಮಿಯ ಪಟದಿಂದ ಸೇವಂತಿಗೆಯೊಂದು ಜಾರಿ ಅವರ ಟೇಬಲ್ಲಿನ ಮೇಲೆ ಬಿತ್ತು. ನಾನು "ಅಯ್ಯೋ, ಎಡಗಡೆ!" ಎಂದು ಕೂಗಿಯೇಬಿಟ್ಟೆ. ಪಾಪ, ಅವರು ಗಾಬರಿಯಾಗಿ ತಮ್ಮ ಎಡಗಡೆ ಏನಿದೆಯೋ ಎಂದು ನೋಡಿಕೊಂಡರು. ಕ್ಯೂನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಮನೆಯಲ್ಲಂತೂ ಮಕ್ಕಳು ನಗುತ್ತಾರೆ. ಕಾನ್ವೆಂಟಿನಲ್ಲಿ ಓದಿ, ಜೀವಮಾನವಿಡೀ ಇಂಗ್ಲಿಷ್ ಗ್ರಾಮರ್ ಪಾಠ ಹೇಳಿದ ಹೆಂಗಸು ಹೀಗಾಡಬಹುದೇ?

ಆಡಬಹುದು. ಯಾಕೆ ಎಂದು ಹೇಳುತ್ತೇನೆ, ಸ್ವಲ್ಪ ಕೂತು ಕೇಳಿ.

ನಮ್ಮ ಸೀಮೆಯಲ್ಲಿ, ಮನುಷ್ಯರು ಕೂತು ತೀರ್ಮಾನ ಮಾಡಲಾಗದ್ದನ್ನು ದೇವರ ಮುಂದೆ ಇಡುತ್ತಿದ್ದರು. ಹೂ ಕೇಳುವುದು ಅಂತ ಅದಕ್ಕೆ ಹೆಸರು. ಪೂಜಾರಿ ಹೂವಿನ ಎಸಳನ್ನು ನೀರಿನಲ್ಲಿ ಅದ್ದಿ ದೇವಿಯ ಎರಡು ಭುಜಗಳಿಗೂ ಅಂಟಿಸುತ್ತಾನೆ. ಕೇಳುವವರು ಕೈಮುಗಿದು ಕೇಳಬೇಕಾದ್ದನ್ನು ಕೇಳುತ್ತಾರೆ. ಆಮೇಲೆ ಕಾಯುವುದು. ದೇವಿಯ ಬಲಭುಜದ ಹೂವು ಮೊದಲು ಉದುರಿದರೆ ಆಗಲಿ ಎಂದು ಅಪ್ಪಣೆ. ಎಡಭುಜದ್ದು ಉದುರಿದರೆ ಬೇಡ ಎಂದು. ಅಪೀಲಿಲ್ಲ.

ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಎಲ್ಲಕ್ಕೂ ಹೂ ಕೇಳುತ್ತಿದ್ದಳು. ಹಸು ಕೊಳ್ಳಬೇಕಾದರೂ ಅಷ್ಟೆ, ಬಾವಿ ತೋಡಿಸಬೇಕಾದರೂ ಅಷ್ಟೆ. ಒಂದು ಸಲ ತನ್ನ ಹಲ್ಲು ಕೀಳಿಸಿಕೊಳ್ಳಲೇ ಎಂದು ಕೇಳಿದ್ದಳು. ದೇವಿ ಎಡಗಡೆ ಕೊಟ್ಟಳು. ಅಜ್ಜಿ ದವಡೆಗೆ ಬಟ್ಟೆ ಕಟ್ಟಿಕೊಂಡು ತಿಂಗಳುಗಟ್ಟಲೆ ನರಳಿದಳು. ಕೊನೆಗೆ ಹಲ್ಲು ತಾನೇ ಬಿದ್ದುಹೋಯಿತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಮನೆಗೆಲ್ಲ ತೋರಿಸಿದಳು: "ನೋಡಿದಿರಾ? ಅವಳಿಗೆ ಗೊತ್ತಿತ್ತು."

ಅವಳು ಎಂದರೆ ಏರಿಯಮ್ಮ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಅಜ್ಜಿಯ ತವರೂರು. ಅಲ್ಲಿನ ಕೆರೆಯ ಏರಿಯ ಮೇಲೆ ಇರುವ ದೇವಿ. ಅಜ್ಜಿ ಮದುವೆಯಾಗಿ ಬಂದು, ಗಂಡನನ್ನು ಕಳೆದುಕೊಂಡು, ಮಗನ ಜೊತೆ ಮಂಡ್ಯಕ್ಕೆ ಬಂದು ನೆಲೆಸಿದರೂ ಏರಿಯಮ್ಮನನ್ನು ಬಿಟ್ಟಿರಲಿಲ್ಲ. ಓರಗೆಯ ಗೆಳತಿಯೊಬ್ಬಳ ವಿಷಯ ಮಾತಾಡುವಂತೆ ಅವಳ ಬಗ್ಗೆ ಮಾತಾಡುತ್ತಿದ್ದಳು.

ಅಪ್ಪ ನಾಲೆಯ ಕೆಲಸದಲ್ಲಿ ಓವರ್ಸಿಯರ್. ಆಗ ಮಂಡ್ಯಕ್ಕೆ ಹೊಸದಾಗಿ ನಾಲೆಯ ನೀರು ಬರುತ್ತಿತ್ತು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಕಬ್ಬು ಎದ್ದು ನಿಲ್ಲುತ್ತಿದ್ದ ಕಾಲ ಅದು. ನೀರು ಯಾವ ಕಡೆ ಹರಿಯಬೇಕೆಂದು ಲೆವೆಲ್ ಹಿಡಿದು ನೋಡಿ ಹೇಳುವುದು ಅವರ ಉದ್ಯೋಗ. ಹೂವು ಯಾವ ಕಡೆ ಬೀಳುತ್ತದೆಂದು ನೋಡುವುದು ಅವರಿಗೆ ಹಂಬಗ್, ಬರೀ ಬೂಟಾಟಿಕೆ. ಹಂಬಗ್ ಎನ್ನುವುದು ಅವರು ಅತಿ ಹೆಚ್ಚು ಬಳಸುತ್ತಿದ್ದ ಇಂಗ್ಲಿಷ್ ಪದ. ನಾನು ಕಲಿತ ಮೊದಲ ಇಂಗ್ಲಿಷ್ ಪದವೂ ಬಹುಶಃ ಅದೇ.

ಅಮ್ಮ ನಾನು ಕೂಸಾಗಿದ್ದಾಗಲೇ ಹೋಗಿಬಿಟ್ಟಳು. ಅಜ್ಜಿಯೇ ಸಾಕಿದಳು. ನನಗೆ ಓದಿನ ಹುಚ್ಚು ಎಂದು ಕಂಡ ಮೇಲೆ ಅಪ್ಪ ನನ್ನನ್ನು ಮೈಸೂರಿನ ಕಾನ್ವೆಂಟಿಗೆ, ಬೋರ್ಡಿಂಗಿಗೆ ಸೇರಿಸಿದರು. ಅಜ್ಜಿ ಬಾಯಿಬಿಟ್ಟು ಬೇಡವೆನ್ನಲಿಲ್ಲ. ರಜಕ್ಕೆ ಬಂದಾಗಲೆಲ್ಲ ನನ್ನನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿ, "ಏನು ತಿನ್ನಿಸ್ತಾರೇ ಆ ಮಿಷನ್ನಿನವರು? ಒಳ್ಳೇ ಬಂಡೂರು ಕುರಿ ಆದ ಹಾಗಾಗಿದೀಯ" ಎನ್ನುತ್ತಿದ್ದಳು. ಬಂಡೂರಿನ ಕುರಿ ಮೋಟು ಕಾಲಿನ, ತುಂಬಿದ ಮೈಯ ಪ್ರಾಣಿ. ಹೋಲಿಕೆ ಸರಿಯಾಗಿಯೇ ಇತ್ತು.

ಎಲ್ಲ ಕೆಟ್ಟದ್ದು ಒಂದು ಗುಡುಗಿನಿಂದ.

ಬೇಸಿಗೆ ರಜದ ಒಂದು ಸಂಜೆ. ಹನ್ನೆರಡು ಮುಗಿದಿರಬೇಕು ನನಗೆ. ನಡುಮನೆಯಲ್ಲಿ ಅಜ್ಜಿ ಬತ್ತಿ ಹೊಸೆಯುತ್ತಿದ್ದಳು, ನಾನು ಪಕ್ಕದಲ್ಲಿ. ಮುಂಗಾರಿನ ಮೊದಲ ಮೋಡ ಕವಿದು, ಮನೆಯೇ ಬಿರಿಯಿತೋ ಎಂಬಂತೆ ಗುಡುಗಿತು. ಗುಡುಗಿದರೆ ಅರ್ಜುನನ ಹೆಸರುಗಳನ್ನು ಹೇಳಬೇಕು. ಹಾಗೆ ಹೇಳಿದವರ ಮೇಲೆ ಸಿಡಿಲು ಬೀಳುವುದಿಲ್ಲ ಎನ್ನುವುದು ನಮ್ಮ ಮನೆಗಳ ಪದ್ಧತಿ. ತೊಟ್ಟಿಲಲ್ಲಿದ್ದಾಗಿನಿಂದ ಅಜ್ಜಿ ನನಗೆ ಅದನ್ನು ಬಾಯಿಪಾಠ ಮಾಡಿಸಿದ್ದಳು. ಅವಳು "ಅರ್ಜುನ" ಎಂದು ಶುರು ಮಾಡಿ, ನಾನೂ ಹೇಳುತ್ತೇನೆಂದು ನನ್ನ ಕಡೆ ನೋಡಿದಳು. ನಾನು ಕಣ್ಣು ಮುಚ್ಚಿಕೊಂಡು, ಹಣೆ ಮುಟ್ಟಿ, ಎದೆ ಮುಟ್ಟಿ, ಎರಡು ಭುಜ ಮುಟ್ಟಿ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದೆ.

ಆಣೆಯಾಗಿ ಹೇಳುತ್ತೇನೆ, ನನಗೆ ಗೊತ್ತೇ ಇರಲಿಲ್ಲ. ಬೋರ್ಡಿಂಗಿನಲ್ಲಿ ಗುಡುಗಿದಾಗ ಎಲ್ಲ ಹುಡುಗಿಯರೂ ಹಾಗೆ ಮಾಡುತ್ತಿದ್ದರು, ಕೈ ಕಲಿತುಕೊಂಡಿತ್ತು. ಕಣ್ಣು ಬಿಟ್ಟು ನೋಡಿದರೆ ಅಜ್ಜಿಯ ಬಾಯಲ್ಲಿ ಅರ್ಜುನ ಅರ್ಧಕ್ಕೇ ನಿಂತಿದ್ದ. ಮಡಿಲಿನ ಬತ್ತಿಗಳೆಲ್ಲ ನೆಲಕ್ಕೆ ಚೆಲ್ಲಿದ್ದವು. ಯಾರಿಗಾದರೂ ಸಿಡಿಲು ಹೊಡೆದಿದ್ದರೆ ಅದು ಅವಳಿಗೇ.

"ಏನೇ ಮಾಡಿದೆ ಈಗ?"

"ಏನೂ ಇಲ್ಲಜ್ಜಿ."

"ಹಣೆ ಮುಟ್ಟಿಕೊಂಡೆಯಲ್ಲ, ಅದು?"

ಆಗಲೇ ಮಳೆಯಲ್ಲಿ ನೆನೆದು ಒಳಗೆ ಬಂದ ಅಪ್ಪನ ಮೇಲೆ ಅಜ್ಜಿ ತಿರುಗಿಬಿದ್ದಳು. "ನಿನ್ನ ಮಗಳು ಕೈಬಿಟ್ಟುಹೋದಳು ಕಣೋ. ಇನ್ನು ಅವಳನ್ನ ಅಲ್ಲಿಗೆ ಕಳಿಸಕೂಡದು. ದುದ್ದದವರು ಆಗಿನಿಂದ ಕೇಳ್ತಿದಾರೆ, ಹುಡುಗ ಲಕ್ಷಣವಾಗಿದಾನೆ. ಈ ವರ್ಷವೇ ಮದುವೆ ಮಾಡಿಬಿಡು."

"ಹಂಬಗ್! ಅದು ಬರೀ ಹ್ಯಾಬಿಟ್ ಅಮ್ಮ, ಸೀನು ಬಂದ ಹಾಗೆ."

"ಸೀನು ಬಂದರೆ ನಾವು ಕೃಷ್ಣ ಅಂತೀವಿ. ಅವಳು ಏನಂತಾಳೆ ಅಂತ ಕೇಳಿದೀಯಾ?"

ನಾನು ಏನೆನ್ನುತ್ತಿದ್ದೆನೋ ನೆನಪಿಲ್ಲ. ಆದರೆ ಆ ದಿನದಿಂದ ತಾಯಿ ಮಗ ಮಾತು ಬಿಟ್ಟರು. ಎರಡು ಕೋಣೆ, ಒಂದು ನಡುಮನೆಯ ಆ ಕ್ವಾರ್ಟರ್ಸಿನಲ್ಲಿ ನಾನೇ ಪೋಸ್ಟ್‌ಮನ್. "ನಿಮ್ಮಪ್ಪನಿಗೆ ಹೇಳು, ಎಲೆ ಹಾಕಿದೆ ಅಂತ." "ನಿಮ್ಮಜ್ಜಿಗೆ ಹೇಳು, ಹಸಿವಿಲ್ಲ ಅಂತ." "ನಿಮ್ಮಪ್ಪನಿಗೆ ಹೇಳು, ಹಸಿವಿಲ್ಲದಿದ್ದರೆ ಹುಳಿ ಹಳಸುತ್ತೆ ಅಂತ." ಇಬ್ಬರೂ ಒಬ್ಬರಿಗೊಬ್ಬರು ಕೈಯಳತೆಯಲ್ಲಿ ಕೂತಿರುತ್ತಿದ್ದರು. ಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ನಿಂತಿತು. ಅಜ್ಜಿ ಒಬ್ಬಳೇ ಇದ್ದಾಗ ಗೋಡೆ ನೋಡುತ್ತಾ ಕೂತಿರುವುದನ್ನು ಕಂಡೆ. ಅಪ್ಪ ಎಲೆಯ ಮುಂದೆ ಕೂತು ಅನ್ನವನ್ನು ಬರೀ ಕಲೆಸುತ್ತಿರುವುದನ್ನೂ ಕಂಡೆ. ನನ್ನಿಂದ ಈ ಮನೆ ಒಡೆಯಿತು ಎಂದು ಭಯವಾಯಿತು. ಅದಕ್ಕಿಂತ ದೊಡ್ಡ ಭಯ ದುದ್ದದ ಹುಡುಗನದು. ಪಾಪ, ಅವನನ್ನು ನಾನು ನೋಡಿಯೇ ಇರಲಿಲ್ಲ. ಆದರೂ ಕಣ್ಣು ಮುಚ್ಚಿದರೆ ಮೀಸೆಯೊಂದು ಮಾತ್ರ ಕಾಣುತ್ತಿತ್ತು.

ರಜ ಮುಗಿಯುತ್ತಾ ಬಂದಾಗ ಅಜ್ಜಿ ನನ್ನ ಮೂಲಕ ಹೇಳಿಕಳಿಸಿದಳು. "ನಿಮ್ಮಪ್ಪನಿಗೆ ಹೇಳು. ಹೂ ಕೇಳೋಣ. ಏರಿಯಮ್ಮ ಬಲಗಡೆ ಕೊಟ್ಟರೆ ಕಾನ್ವೆಂಟಿಗೆ ಕಳಿಸಲಿ, ನಾನು ಅಡ್ಡ ಬರಲ್ಲ. ಎಡಗಡೆ ಕೊಟ್ಟರೆ ದುದ್ದದವರಿಗೆ ಹೇಳಿಕಳಿಸಲಿ."

ನಾನು ಹೋಗಿ ಹೇಳಿದೆ. ಹಂಬಗ್ ಎನ್ನುತ್ತಾರೆಂದು ಕಾದೆ. ಅಪ್ಪ ಗಲ್ಲಕ್ಕೆ ಶೇವಿಂಗ್ ಬ್ರಶ್ ಉಜ್ಜುತ್ತಲೇ, "ಆಗಲಿ ಅಂತ ಹೇಳು" ಎಂದುಬಿಟ್ಟರು.

ನನಗೆ ಶಾಕ್. ಲೆವೆಲ್ ಹಿಡಿದು ನೋಡುವ ಅಪ್ಪ, ಹೂವಿಗೆ ಒಪ್ಪುವುದೇ? "ಯಾಕಪ್ಪ?" ಎಂದೆ.

"ಹೂ ಕೇಳಿದರೆ ಫಿಫ್ಟಿ ಪರ್ಸೆಂಟ್ ಚಾನ್ಸ್ ಮಗು. ನಿಮ್ಮಜ್ಜಿಯ ಹತ್ತಿರ ವಾದ ಮಾಡಿದರೆ ಅಷ್ಟೂ ಇಲ್ಲ."

ಮದ್ದೂರಿನವರೆಗೆ ರೈಲು, ಅಲ್ಲಿಂದ ಎತ್ತಿನ ಗಾಡಿ. ಗಾಡಿಯ ಮುಂದೆ ಮೂಕಿಯ ಹತ್ತಿರ ಅಪ್ಪ, ಹಿಂದಿನ ತುದಿಯಲ್ಲಿ ಅಜ್ಜಿ, ನಡುವೆ ಹುಲ್ಲಿನ ಮೇಲೆ ನಾನು. ಗಾಡಿ ಹಳ್ಳಕ್ಕಿಳಿದಾಗಲೆಲ್ಲ ಒಮ್ಮೆ ಇವರ ಮೇಲೆ ಬೀಳುತ್ತಿದ್ದೆ, ಒಮ್ಮೆ ಅವರ ಮೇಲೆ. ಇಬ್ಬರೂ ನನ್ನನ್ನು ಹಿಡಿದು ಸರಿಯಾಗಿ ಕೂರಿಸುತ್ತಿದ್ದರು. ಮಾತು ಮಾತ್ರ ಇಲ್ಲ.

ಏರಿಯಮ್ಮನ ಗುಡಿ ಎಂದರೆ ನೀವು ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬೇಡಿ. ಬಗ್ಗಿ ಒಳಗೆ ಹೋಗಬೇಕಾದ ಮಣ್ಣುಗೋಡೆಯ ಒಂದು ಗೂಡು. ಒಳಗೆ ಮೊಣಕಾಲೆತ್ತರದ ಕಲ್ಲು, ಅದಕ್ಕೆ ಬೆಳ್ಳಿಯ ಕಣ್ಣು. ಪೂಜಾರಿ ಸಿದ್ದಣ್ಣ ಹೊಲದಲ್ಲಿದ್ದವನು, ಕೆರೆಯಲ್ಲಿ ಕಾಲಿನ ಕೆಸರು ತೊಳೆದುಕೊಂಡು ಬಂದ.

"ಏನ್ ಅಮ್ಮಾರೇ, ಬಾಳ ದಿನಕ್ಕೆ! ಈ ಸಲ ಏನ್, ಅಲ್ಲು ನೋವಾ, ದನವಾ?"

"ಮೊಮ್ಮಗಳು" ಎಂದಳು ಅಜ್ಜಿ.

ಗುಡಿಯ ಬಾಗಿಲಲ್ಲಿ ನಮಗಿಂತ ಮೊದಲೇ ಒಬ್ಬ ಹೆಂಗಸು ಕಾಯುತ್ತಾ ಕೂತಿದ್ದಳು. ನಿಂಗವ್ವ ಅಂತೆ. ನನ್ನ ಲಂಗ, ರಿಬ್ಬನ್ನು, ಷೂಸು ಎಲ್ಲವನ್ನೂ ನಿಧಾನವಾಗಿ ನೋಡಿ, "ಏನವ್ವ ಮಗ, ನಿಂದೇನ್ ಇಚಾರ?" ಎಂದಳು. ನಾನು ಬಾಯಿ ಬಿಡುವುದರೊಳಗೆ ತನ್ನದನ್ನು ಹೇಳಿದಳು. "ನಂದು ಎಮ್ಮೆ ಕಣವ್ವ. ಗಬ್ಬ ನಿಲ್ತಿಲ್ಲ. ಮಾರ್ಬುಡಾದೋ ಮಡಿಕೊಳ್ಳಾದೋ ಕೇಳವಾ ಅಂತ ಬಂದಿವ್ನಿ."

"ನನ್ನನ್ನ ಓದಿಸುವುದೋ ಮದುವೆ ಮಾಡುವುದೋ ಅಂತ" ಎಂದೆ.

"ಅಯ್ಯೋ ಸಿವನೆ! ಅಂಗಾರೆ ನೀವೇ ಮೊದ್ಲು ಕೇಳ್ಕಳಿ ಬುಡು. ಎಮ್ಮೆ ಕಾಯ್ತದೆ."

ಮಾರಿಬಿಡುವುದೋ ಇಟ್ಟುಕೊಳ್ಳುವುದೋ, ನನ್ನ ಕೇಸೂ ಅದೇ ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಆಗ ಅವಳ ದೊಡ್ಡ ಮನಸ್ಸಿಗೆ ಥ್ಯಾಂಕ್ಸ್ ಹೇಳಿದೆ, ಇಂಗ್ಲಿಷಿನಲ್ಲಿ.

ಅಪ್ಪ ಗುಡಿಯೊಳಗೆ ಬರಲಿಲ್ಲ. ಸೋಲಾ ಹ್ಯಾಟು ಹಾಕಿಕೊಂಡು ಏರಿಯ ಮೇಲೆ ಅತ್ತ ಹೋಗಿ ತೂಬನ್ನು ಪರೀಕ್ಷೆ ಮಾಡುತ್ತಾ ನಿಂತರು. ನಾನು ಅಜ್ಜಿಯ ಸೆರಗು ಹಿಡಿದುಕೊಂಡು ಒಳಗೆ ನಿಂತೆ. ಸಿದ್ದಣ್ಣ ಕಣಗಲೆ ಹೂವಿನ ಎಸಳುಗಳನ್ನು ತಂಬಿಗೆಯಲ್ಲಿ ಅದ್ದಿ ಅದ್ದಿ ಕಲ್ಲಿನ ಎರಡೂ ಭುಜಗಳಿಗೆ ಅಂಟಿಸಿದ. "ಕೇಳ್ಕಳಿ ಅಮ್ಮಾರೇ" ಎಂದ. ಅಜ್ಜಿ ಕೈಮುಗಿದು, ಮನೆಯಲ್ಲಿ ಹೇಳಿದ್ದನ್ನೇ, ಒಂದಕ್ಷರ ಆಚೀಚೆ ಇಲ್ಲದೆ, ಕೇಳಿಕೊಂಡಳು. ಬಲಗಡೆ ಕೊಟ್ಟರೆ ಕಳಿಸುತ್ತೇನೆ, ಎಡಗಡೆ ಕೊಟ್ಟರೆ ಕಳಿಸುವುದಿಲ್ಲ. ದನಿ ಸಣ್ಣದಾಗಿತ್ತು, ಹೊರಗೆ ಕೇಳುವಂತಿರಲಿಲ್ಲ. ನನಗೆ ಕೇಳಿತು. ಸಿದ್ದಣ್ಣನಿಗೂ ಕೇಳಿತು.

ಆಮೇಲೆ ಆ ಕಾಯುವುದಿದೆಯಲ್ಲ, ಅದನ್ನು ಶತ್ರುವಿಗೂ ಬಯಸುವುದಿಲ್ಲ ನಾನು. ದೀಪದ ಎಣ್ಣೆ ಚಿಟಚಿಟ ಎನ್ನುತ್ತಿತ್ತು. ಎಸಳುಗಳು ಅಲುಗಲೂ ಇಲ್ಲ. ಸಿದ್ದಣ್ಣ ದೇವಿಗೆ ಸಲಿಗೆಯಿಂದ ಒತ್ತಾಯ ಮಾಡುತ್ತಿದ್ದ: "ಕೊಡವ್ವ, ಕೊಡು. ಮಂಡ್ಯದಿಂದ ಬಂದವ್ರೆ, ರೈಲ್ಗೆ ವೊತ್ತಾಯ್ತದೆ. ಒಳ್ಳೇದೋ ಕೆಟ್ಟದ್ದೋ ಒಂದ್ ಯೋಳ್ಬುಡು." ನಾನು ಒಳಗೊಳಗೇ ಕಾನ್ವೆಂಟಿನ ಮೇರಿ ಮಾತೆಯನ್ನೂ ಏರಿಯಮ್ಮನನ್ನೂ ಒಟ್ಟಿಗೇ ಬೇಡಿಕೊಂಡೆ. ನೀವಿಬ್ಬರೂ ಹೆಂಗಸರು, ಒಬ್ಬರಿಗೊಬ್ಬರು ಮಾತಾಡಿಕೊಂಡು ಹೇಗಾದರೂ ಬಲಗಡೆಯದನ್ನು ಬೀಳಿಸಿ ಎಂದು.

ಬಿತ್ತು. ಎಡಗಡೆಯದು.

ಒಂದೇ ಒಂದು ಎಸಳು, ಸದ್ದೇ ಇಲ್ಲದೆ ಜಾರಿ, ಕಲ್ಲಿನ ಪಾದದ ಹತ್ತಿರ ಕೂತಿತು. "ಎಡಕ್ಕಾಯ್ತು!" ಎಂದು ಬಾಗಿಲಲ್ಲಿದ್ದ ನಿಂಗವ್ವ ಕೂಗಿದಳು. ಅಜ್ಜಿಯ ಮುಖ ನೋಡಿದೆ. ಗೆದ್ದವರ ಮುಖ ಹೇಗಿರುತ್ತದೆ ಹೇಳಿ? ನಾನು ಸ್ಕೂಲಿನಲ್ಲಿ ಎಷ್ಟೋ ರೇಸ್ ನೋಡಿದ್ದೆ. ಅಜ್ಜಿಯ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ದಾರಿಯಲ್ಲಿ ಕೈಬಿಟ್ಟುಹೋದ ಮಗುವಿನ ಹಾಗೆ ಕಣ್ಣರಳಿಸಿಕೊಂಡು ನಿಂತಿದ್ದಳು.

ಕೂಗು ಕೇಳಿ ಅಪ್ಪ ಬಂದರು. ಬಾಗಿಲಲ್ಲಿ ಬಗ್ಗಿ, ಬಿದ್ದ ಎಸಳನ್ನು ನೋಡಿದರು. ಜಗಳವಾಡುತ್ತಾರೆ, ಹಂಬಗ್ ಎನ್ನುತ್ತಾರೆ, ನನ್ನನ್ನು ಎಳೆದುಕೊಂಡು ಹೊರಟುಬಿಡುತ್ತಾರೆ ಎಂದು ನಾನು ಕಾದೆ. ಮನಸ್ಸಿನಲ್ಲೇ ಬೇಡಿಕೊಂಡೆ, ಹಾಗೆ ಮಾಡಲಿ ಎಂದು. ಅಪ್ಪ ಹ್ಯಾಟು ತೆಗೆದರು. ಬೂಟು ಬಿಚ್ಚಿದರು. ಒಳಗೆ ಬಂದು, ಇಸ್ತ್ರಿ ಮಾಡಿದ ಖಾಕಿ ಡ್ರಿಲ್ ಪ್ಯಾಂಟಿನಲ್ಲಿ ಆ ಮಣ್ಣಿನ ನೆಲದ ಮೇಲೆ ಉದ್ದಂಡ ಬಿದ್ದು ನಮಸ್ಕಾರ ಮಾಡಿದರು.

ಅಮ್ಮ ಹೋದಮೇಲೆ ಅಪ್ಪ ಯಾವ ದೇವರಿಗೂ ಕೈಮುಗಿದದ್ದನ್ನು ಯಾರೂ ಕಂಡಿರಲಿಲ್ಲ. ಅವರು ಎದ್ದಾಗ ಹಣೆಗೆ ಮಣ್ಣು ಮೆತ್ತಿತ್ತು. ಒರೆಸಿಕೊಳ್ಳದೆ ಅಜ್ಜಿಯ ಕಡೆ ತಿರುಗಿದರು. "ಆಯ್ತಮ್ಮ. ಮಾತು ಕೊಟ್ಟಿದ್ದೆ. ದುದ್ದದವರಿಗೆ ಹೇಳಿಕಳಿಸು."

ಅಷ್ಟು ದಿನದಲ್ಲಿ ಅವರು ತಾಯಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ದನಿಯಲ್ಲಿ ಕೋಪವಿದ್ದಿದ್ದರೆ ಚೆನ್ನಾಗಿತ್ತು. ಇರಲಿಲ್ಲ. ಸಾಹೇಬರ ಮುಂದೆ ನಿಂತ ಕೂಲಿಯ ಹಾಗೆ ಹೇಳಿದರು.

ಅಜ್ಜಿ ಮಗನ ಹಣೆಯ ಮಣ್ಣನ್ನು ನೋಡಿದಳು. ಆಮೇಲೆ, ಉಪ್ಪು ಮರೆತದ್ದನ್ನು ನೆನಪಿಸುವವಳ ಹಾಗೆ ಹೇಳಿದಳು: "ಯಾಕೋ? ಎಡಗಡೆ ಕೊಟ್ಟರೆ ಕಳಿಸ್ತೀನಿ ಅಂತಲ್ಲವಾ ನಾನು ಕೇಳಿಕೊಂಡಿದ್ದು."

ಮೈ ಗಾಡ್! ಅಜ್ಜಿ ಸುಳ್ಳು ಹೇಳುತ್ತಿದ್ದಾಳೆ. ಬೆಲ್ಲ ಕದ್ದು ತಿಂದು ಇಲ್ಲವೆಂದದ್ದಕ್ಕೆ ನನ್ನ ತೊಡೆ ಹಿಂಡಿ ಹಸಿರುಗಟ್ಟಿಸಿದ ಅಜ್ಜಿ. ದೇವಿಯ ಗುಡಿಯೊಳಗೆ, ಬಿದ್ದ ಹೂವು ಇನ್ನೂ ಒದ್ದೆಯಾಗಿರುವಾಗಲೇ, ಆ ಬೆಳ್ಳಿಯ ಕಣ್ಣುಗಳ ಎದುರೇ!

ಅಪ್ಪ ಅಂದರು, "ಮನೇಲಿ ಹಾಗೆ ಹೇಳಿರಲಿಲ್ಲವಲ್ಲಮ್ಮ."

"ಮನೇಲಿ ಏನು ಹೇಳಿದರೇನು? ಇಲ್ಲಿ ಬಂದು ಹೀಗೆ ಕೇಳಿಕೊಂಡೆ. ಏನಯ್ಯ ಸಿದ್ದಣ್ಣ, ನೀನೇ ಹೇಳು."

ಸಿದ್ದಣ್ಣ ತಂಬಿಗೆ ಕೆಳಗಿಟ್ಟ. ದೇವಿಯನ್ನು ನೋಡಿದ, ಅಜ್ಜಿಯನ್ನು ನೋಡಿದ, ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿದೆ.

"ನಾನ್ ಕಿವಿ ಕೊಡ್ನಿಲ್ಲ ಕಣಮ್ಮ" ಎಂದ ಕೊನೆಗೆ. "ಕೇಳ್ದೋರು ನೀವು, ಕೊಟ್ಟೋಳು ಅವ್ಳು. ನಾನ್ ಬರೀ ಊ ಅಂಟ್ಸಾನು."

"ಎಡಕ್ಕೆ ಒಳ್ಳೇದು ಅಂತ ಯಾರಾರ ಕೇಳ್ತಾರ್ಲಾ ಸಿದ್ದ?" ಎಂದು ನಿಂಗವ್ವ ಮೂಗಿನ ಮೇಲೆ ಬೆರಳಿಟ್ಟಳು.

"ನೀ ಸುಮ್ಕಿರಕ್ಕ. ನಿನ್ ಎಮ್ಮೆ ಇಚಾರ ಯೋಳು."

ಅಪ್ಪ ಅಜ್ಜಿಯನ್ನೇ ನೋಡುತ್ತಿದ್ದರು. ಅವರಿಗೆ ಗೊತ್ತಾಗಿತ್ತು. ಗೊತ್ತಾಗದೆ ಏನು? ಲೆವೆಲ್ ತಪ್ಪಿದ್ದನ್ನು ದೂರದಿಂದಲೇ ಹಿಡಿಯುವ ಮನುಷ್ಯ. ಈಗಲಾದರೂ ಬಾಯಿಬಿಟ್ಟು ಏನಾದರೂ ಹೇಳುತ್ತಾರೆಂದು ನೋಡಿದೆ. ಅವರು ಬಗ್ಗಿ ಹೊರಗೆ ಹೋಗಿ ಬೂಟಿನ ಲೇಸು ಕಟ್ಟತೊಡಗಿದರು. ಆ ಲೇಸು ಕಟ್ಟಿ ಮುಗಿಯಲೇ ಇಲ್ಲ.

ಗಾಡಿಯಲ್ಲಿ ವಾಪಸು ಬರುವಾಗ ಅಪ್ಪ, "ಅಮ್ಮ, ಈ ಕಡೆ ಬಂದು ಕೂತುಕೋ, ಅಲ್ಲಿ ಧೂಳು" ಎಂದರು. ಅಜ್ಜಿ ಬಂದು ಕೂತಳು. ನನ್ನ ಪೋಸ್ಟ್‌ಮನ್ ಕೆಲಸ ಹೋಯಿತು. ನನಗೆ ಖುಷಿಯಾಗಬೇಕಿತ್ತು. ಕಾನ್ವೆಂಟಿಗೆ ಹೋಗುತ್ತೇನೆ, ಮದುವೆ ಇಲ್ಲ, ಮನೆ ಒಂದಾಯಿತು. ಆದರೆ ನಾನು ದಾರಿಯುದ್ದಕ್ಕೂ ಆಕಾಶವನ್ನೇ ನೋಡುತ್ತಿದ್ದೆ. ಸಿಡಿಲು ಯಾವ ಕಡೆಯಿಂದ ಬರುತ್ತದೆಂದು. ಬಂದರೆ ಅರ್ಜುನನ ಹೆಸರು ಹೇಳಲೇ, ಶಿಲುಬೆ ಗುರುತು ಹಾಕಲೇ? ಸುಳ್ಳಾಡಿದವಳ ಮೊಮ್ಮಗಳಿಗೆ ಎರಡೂ ನಡೆಯಲಿಕ್ಕಿಲ್ಲ ಎನ್ನಿಸಿತು.

ಸಿಡಿಲು ಬರಲಿಲ್ಲ. ಆದರೂ ಆ ಹೆದರಿಕೆಯನ್ನು ಟ್ರಂಕಿನಲ್ಲಿ ಬಟ್ಟೆಯ ಜೊತೆ ಮೈಸೂರಿಗೆ ಹೊತ್ತುಕೊಂಡು ಹೋದೆ. ನಮಗೆ ಮಾರಲ್ ಸೈನ್ಸ್ ಹೇಳುತ್ತಿದ್ದ ಹಿರಿಯ ಮದರ್ ಒಬ್ಬರಿದ್ದರು, ಎಲ್ಲ ಪ್ರಶ್ನೆಗೂ ಉತ್ತರವಿದ್ದವರು. ಕ್ಲಾಸಿನಲ್ಲಿ ಎದ್ದು ನಿಂತು ಕೇಳಿಯೇಬಿಟ್ಟೆ. "ಮದರ್, ನಮ್ಮೂರಿನ ದೇವಿ ನಿಜವಾದ ಗಾಡ್ ಅಲ್ಲ ಅಂತೀರಿ. ಹಾಗಾದರೆ ಅವಳ ಮುಂದೆ ಸುಳ್ಳು ಹೇಳಿದರೆ ಪಾಪವೇ?"

"ಸುಳ್ಳು ಯಾರ ಮುಂದೆ ಹೇಳಿದರೂ ಸುಳ್ಳೇ, ಚೈಲ್ಡ್."

"ಆ ಸುಳ್ಳಿನಿಂದಲೇ ನಾನು ಈ ಕ್ಲಾಸಿನಲ್ಲಿ ಕೂತಿರುವುದು, ಮದರ್. ನಾನು ವಾಪಸು ಹೋಗಬೇಕೇ?"

ಮದರ್ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು. ಅವತ್ತು ಬೆಲ್ ಹೊತ್ತಿಗೆ ಮುಂಚೆಯೇ ಹೊಡೆಯಿತು. ಇಷ್ಟು ದೊಡ್ಡ ಶಿಲುಬೆ ಕತ್ತಿಗೆ ಹಾಕಿಕೊಂಡವರಿಗೂ ಗೊತ್ತಿಲ್ಲದ್ದು ಇದೆ ಎನ್ನುವುದು ನನಗೆ ಆ ವರ್ಷದ ಇನ್ನೊಂದು ಶಾಕ್.

ದಸರಾ ರಜಕ್ಕೆ ಮನೆಗೆ ಬಂದೆ. ಅಪ್ಪನಿಗೆ ಬೇರೆ ಊರಿಗೆ ವರ್ಗವಾಗುವ ಸೂಚನೆ ಇತ್ತು. ಒಪ್ಪಿಕೊಳ್ಳುವುದೋ, ಬೇಡವೆಂದು ಅರ್ಜಿ ಹಾಕುವುದೋ ಎಂಬ ಯೋಚನೆ. ಅಜ್ಜಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೀರೇಕಾಯಿ ಹೆರೆಯುತ್ತಿದ್ದಳು. ಅಪ್ಪ ಅವಳ ಹತ್ತಿರ ಹೋಗಿ ಸ್ವಲ್ಪ ಸಂಕೋಚದಿಂದಲೇ, "ಅಮ್ಮ, ಬೇಕಾದರೆ ಏರಿಯಮ್ಮನ ಹತ್ತಿರ ಹೋಗಿಬರೋಣ. ಗಾಡಿ ಗೊತ್ತು ಮಾಡಲಾ?" ಎಂದರು.

ಹಂಬಗ್ ಅಪ್ಪ! ನಾನು ನನ್ನ ಕಿವಿಯನ್ನೇ ನಂಬಲಿಲ್ಲ.

"ಬೇಡ" ಎಂದಳು ಅಜ್ಜಿ, ತಲೆ ಎತ್ತದೆ. "ನಿನಗೆ ತೋಚಿದ್ದು ಮಾಡು."

ಅಪ್ಪ ಹೊರಟುಹೋದರು. ನನಗೆ ತಡೆಯಲಾಗಲಿಲ್ಲ. ಅಜ್ಜಿಯ ಪಕ್ಕ ಹೋಗಿ ಕೂತೆ. "ಯಾಕಜ್ಜಿ? ಈಗ ಹೂ ಕೇಳುವುದೇ ಇಲ್ಲವಾ?"

"ಇಲ್ಲ ಕಣೇ."

"ಯಾಕೆ?"

"ಹೇಳಿದ್ದನ್ನ ಕೇಳದೆ ಹೋದವಳಿಗೆ ಅವಳು ಯಾಕೆ ಇನ್ನೊಂದು ಸಲ ಹೇಳ್ತಾಳೆ?"

ಎಷ್ಟು ಸರಾಗವಾಗಿ ಹೇಳಿದಳು! ನಾನು ಸಿಡಿಲನ್ನು ಕಾಯುತ್ತಿದ್ದೆ. ಶಿಕ್ಷೆ ಆಗಲೇ ಬಂದುಹೋಗಿತ್ತು, ಅದನ್ನು ಕೊಟ್ಟುಕೊಂಡವಳೂ ಅಜ್ಜಿಯೇ. ಏರಿಯಮ್ಮ ತವರಿನ ಗೆಳತಿ, ಅಜ್ಜಿಯ ಹಲ್ಲಿನ ನೋವಿನಿಂದ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡವಳು. ಅವಳ ಜೊತೆ ಇನ್ನು ಮಾತಿಲ್ಲ. ನಮ್ಮ ಮನೆಯಲ್ಲಿ ಮಾತು ಮತ್ತೆ ಶುರುವಾಗಲೆಂದು, ನನ್ನ ಸ್ಲೇಟು ಪುಸ್ತಕ ಉಳಿಯಲೆಂದು, ಇವಳು ಅಲ್ಲಿ ಮಾತು ಬಿಟ್ಟು ಬಂದಿದ್ದಳು.

"ಅಜ್ಜಿ, ಒಂದು ಸಲ ಹೋಗಿ ತಪ್ಪಾಯ್ತು ಅಂತ ಹೇಳಿಬಿಡು" ಎಂದೆ. "ನಮ್ಮ ಕಾನ್ವೆಂಟಿನಲ್ಲಿ ಹಾಗೇ ಮಾಡ್ತಾರೆ. ತಪ್ಪು ಒಪ್ಪಿಕೊಂಡರೆ ಗಾಡ್ ಕ್ಷಮಿಸಿಬಿಡ್ತಾನಂತೆ. ಏರಿಯಮ್ಮನೂ ಕ್ಷಮಿಸ್ತಾಳೆ."

ಅಜ್ಜಿ ಹೆರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ತಪ್ಪು ಅನ್ನಿಸಿದರೆ ತಾನೇ ಹೇಳೋದು?" ಎಂದಳು. "ಹೋಗು. ಓದಿಕೋ ಹೋಗು."